ಮ್ಯಾಸಿವ್ ಅಂದ್ರೆ ದೊಡ್ಡದು ಅಂತ ಯಾರು ಹೇಳಿದ್ದು?

ಈಗಷ್ಟೇ ನ್ಯೂಟ್ರಾನ್ ನಕ್ಷತ್ರದ ಬಗ್ಗೆ, ಅಂದರೆ ಭಾರವಾದ ನಕ್ಷತ್ರ ಸಿಡಿದ ಮೇಲೆ ಉಳಿಯುವ ಕುಸಿದ ತಿರುಳಿನ ಬಗ್ಗೆ, ಒಂದು ವಿಡಿಯೋ ನೋಡಿದೆ. ತಲೆ ಕೆಟ್ಟುಹೋಗಿದೆ. ಉಸಿರಿಗೊಮ್ಮೆ 'ಮ್ಯಾಸಿವ್' ಅನ್ನುತ್ತಾರೆ, ಪರದೆ ಮೇಲೆ ಸೂರ್ಯನನ್ನು ಚುಕ್ಕೆ ಮಾಡಿ ಪಕ್ಕದಲ್ಲಿ ಒಂದು ರಾಕ್ಷಸ ಗೋಳ ತೋರಿಸುತ್ತಾರೆ. ಅಲ್ಲ ಸ್ವಾಮಿ, ಅದರ ವ್ಯಾಸ ಸುಮಾರು 20 ಕಿಲೋಮೀಟರ್! ಸೂರ್ಯನದು ಹತ್ತಿರ ಹತ್ತಿರ 14 ಲಕ್ಷ ಕಿಲೋಮೀಟರ್. ಆ 20 ಕಿಲೋಮೀಟರಿನ ಉಂಡೆಯೊಳಗೆ ಸೂರ್ಯನಲ್ಲಿ ಇರುವುದಕ್ಕಿಂತ ಜಾಸ್ತಿ ವಸ್ತು ಅಡಕವಾಗಿದೆ, ಅದಕ್ಕೇ ಅದು ಮ್ಯಾಸಿವ್. ಅಷ್ಟು ಚಿಕ್ಕದಾಗಿರುವುದೇ ಅದರ ಸೋಜಿಗ. ಅದನ್ನೇ ತೆಗೆದುಹಾಕಿದರೆ ನೋಡುವವರಿಗೆ ಸಿಕ್ಕಿದ್ದೇನು?

ಫಿಸಿಕ್ಸ್ ಕ್ಲಾಸಿನಲ್ಲಿ ಈ ಪದಕ್ಕಾಗಿ ನಾನು ಎಷ್ಟು ಗಂಟಲು ಹರಿದುಕೊಳ್ಳುತ್ತೇನೆ ಅಂತ ನಿಮಗೆಲ್ಲ ಗೊತ್ತು. ಮ್ಯಾಸ್ ಅಂದರೆ ದ್ರವ್ಯರಾಶಿ, ಎಷ್ಟು ವಸ್ತು ಇದೆ ಅನ್ನುವ ಲೆಕ್ಕ. ಎಷ್ಟು ಜಾಗ ಹಿಡಿಯುತ್ತದೆ ಅನ್ನುವುದು ಬೇರೆ ಲೆಕ್ಕ. ಆಕಾಶದಲ್ಲಂತೂ ಈ ಎರಡು ಲೆಕ್ಕ ಒಂದಕ್ಕೊಂದು ತಾಳೆಯಾಗಲೇಬೇಕು ಅಂತಿಲ್ಲ. ರೋಹಿಣಿ ನಕ್ಷತ್ರ ನೋಡಿ, ಅಲ್ಡೆಬರಾನ್ ಅಂತಾರಲ್ಲ, ಅದೇ. ವ್ಯಾಸದಲ್ಲಿ ಸೂರ್ಯನ 40 ಪಟ್ಟಿಗೂ ಜಾಸ್ತಿ, ದ್ರವ್ಯರಾಶಿ ಮಾತ್ರ ಸೂರ್ಯನಿಗಿಂತ ಚೂರು ಹೆಚ್ಚು. ಅದನ್ನು ಜೈಂಟ್ ಅನ್ನಿ, ಯಾರೂ ಬೇಡ ಅನ್ನುವುದಿಲ್ಲ. ಮ್ಯಾಸಿವ್ ಅನ್ನಬೇಡಿ. ನಮ್ಮ ಗೆಲಾಕ್ಸಿಯ ನಡುವಿನ ಕಪ್ಪುಕುಳಿಯಲ್ಲಿ 40 ಲಕ್ಷ ಸೂರ್ಯರಷ್ಟು ದ್ರವ್ಯರಾಶಿ ಇದೆ, ಆದರೂ ಅದು ಬುಧ ಗ್ರಹದ ಕಕ್ಷೆಯೊಳಗೆ ಆರಾಮಾಗಿ ಹಿಡಿಸುತ್ತದೆ. ಅದಕ್ಕೆ ಸೂಪರ್‌ಮ್ಯಾಸಿವ್ ಅಂತ ಹೆಸರಿಟ್ಟವರು ಅಳೆದು ತೂಗಿಯೇ ಇಟ್ಟಿದ್ದಾರೆ.

ನನಗೆ ತುಂಬಾ ಇಷ್ಟವಾದದ್ದು ನಮ್ಮ ಸೂರ್ಯನ ಕಥೆಯೇ. ಇನ್ನು 500 ಕೋಟಿ ವರ್ಷಕ್ಕೆ ಅದು ಉಬ್ಬಿ ಕೆಂಪು ದೈತ್ಯ ಆಗುತ್ತದೆ, ಬುಧನನ್ನು ನುಂಗುವಷ್ಟು ಉಬ್ಬುತ್ತದೆ, ಹಾಗೆ ಉಬ್ಬುತ್ತಲೇ ಮೈಮೇಲಿನ ವಸ್ತುವನ್ನು ಹೊರಗೆ ಊದಿ ದ್ರವ್ಯರಾಶಿ ಕಳೆದುಕೊಳ್ಳುತ್ತದೆ. ಹಿಗ್ಗುತ್ತಾ ಹಗುರಾಗುವುದು! ಇದನ್ನು ಹೇಳುವಾಗ ಈಗಲೂ ನನಗೆ ಮೈ ಜುಮ್ ಅನ್ನುತ್ತದೆ. ಮ್ಯಾಸಿವ್ ಅಂದರೆ ದೊಡ್ಡದು ಅಂತ ನಂಬಿದವರಿಗೆ ಈ ಮಾತು ಅರ್ಥವೇ ಆಗುವುದಿಲ್ಲ, ಅದೇ ನನ್ನ ಸಂಕಟ.

ಕಣಗಳ ಲೋಕಕ್ಕೆ ಬಂದರೆ ಇನ್ನೂ ಮಜಾ. ಅಲ್ಲಿ ಒಂದಿಷ್ಟು ದ್ರವ್ಯರಾಶಿ ಇದ್ದರೆ ಸಾಕು, ಕಣ ಮ್ಯಾಸಿವ್. ಎಲೆಕ್ಟ್ರಾನ್ ಮ್ಯಾಸಿವ್, ಬೆಳಕಿನ ಫೋಟಾನ್ ಅಲ್ಲ. ಯಾವುದಕ್ಕೂ ಅಷ್ಟಾಗಿ ತಾಗದೆ ಹಾದುಹೋಗುವ ನ್ಯೂಟ್ರಿನೋ ಅನ್ನುವ ಕಣಕ್ಕೂ ದ್ರವ್ಯರಾಶಿ ಇದೆ ಅಂತ 1998ರಲ್ಲಿ ಜಪಾನಿನ ಸೂಪರ್ ಕಾಮಿಯೋಕಾಂಡೆ ಪ್ರಯೋಗದಲ್ಲಿ ಕಂಡುಕೊಂಡರು. 2015ರ ನೊಬೆಲ್ ಬಂದಿದ್ದು ಇಂಥ ಕೆಲಸಕ್ಕೇ. ಎಲೆಕ್ಟ್ರಾನಿಗಿಂತ ಲಕ್ಷಾಂತರ ಪಟ್ಟು ಹಗುರವಾದ ಈ ಕಣವೂ ಮ್ಯಾಸಿವ್ ನ್ಯೂಟ್ರಿನೋ!

ಫಿಸಿಕ್ಸ್‌ನವರ ಹಟ ಅಂದುಕೊಳ್ಳಬೇಡಿ. ಕಲ್ಲುಬಂಡೆ ಓದಿದವರಿಗೆ ಮ್ಯಾಸಿವ್ ಅಂದರೆ ಒಳಗೆ ಪದರ ಕಾಣದ ಬಂಡೆ, ಅಂಗೈಯಲ್ಲಿ ಹಿಡಿಯುವ ಚೂರಾದರೂ ಸರಿ. ಡಾಕ್ಟರುಗಳು ಶ್ವಾಸಕೋಶಕ್ಕೆ ಹೋಗುವ ರಕ್ತನಾಳದಲ್ಲಿ ಹೆಪ್ಪು ಸಿಕ್ಕಿಕೊಂಡಾಗ ಮ್ಯಾಸಿವ್ ಅನ್ನುವುದು ಹೆಪ್ಪಿನ ಗಾತ್ರ ನೋಡಿ ಅಲ್ಲ, ರೋಗಿಯ ರಕ್ತದೊತ್ತಡದ ಮೇಲಿನ ಅಂಕಿ 90ಕ್ಕಿಂತ ಕೆಳಗೆ ಬಿದ್ದು ಹಾಗೇ ಉಳಿದಿದೆಯಾ ಅಂತ ನೋಡಿ. ಮನೆಯವರು 'ಎಷ್ಟು ದೊಡ್ಡ ಹೆಪ್ಪು' ಅಂತ ಕೇಳುತ್ತಾ ನಿಂತಿರುತ್ತಾರೆ, ಡಾಕ್ಟರ ಕಣ್ಣು ಬಿಪಿ ಮೇಲೆ ಇರುತ್ತದೆ. ಪದದ ಬೇರು ಹುಡುಕಿಕೊಂಡು ಹೋದರೂ ಲ್ಯಾಟಿನ್ನಿನ 'ಮಾಸ್ಸಾ' ಸಿಗುತ್ತದೆ, ಅಂದರೆ ಮುದ್ದೆ. ಅಲ್ಲೂ ಗಟ್ಟಿಯಾಗಿ ಸೇರಿಕೊಂಡದ್ದು ಅನ್ನುವುದೇ ಮೊದಲು, ದೊಡ್ಡದು ಅನ್ನುವುದು ಆಮೇಲೆ.

ಭಾಷೆ ಬದಲಾಗುತ್ತೆ, ನಮ್ಮ 'ಭಾರಿ' ಕೂಡ ಭಾರದಿಂದ ಬಂದು ಈಗ ಎಲ್ಲ ದೊಡ್ಡದಕ್ಕೂ ಅಂಟಿಕೊಂಡಿಲ್ವಾ ಅಂತ ಯಾರಾದರೂ ಕೇಳೇ ಕೇಳುತ್ತೀರಿ. ನಿಜ, ಇಂಗ್ಲಿಷಿನವರೂ ದೊಡ್ಡ ಕಟ್ಟಡಕ್ಕೆ, ದೊಡ್ಡ ಜನಸಂದಣಿಗೆ ಮ್ಯಾಸಿವ್ ಅನ್ನುತ್ತಾರೆ. ಮಾತಿನಲ್ಲಿ ಧಾರಾಳವಾಗಿ ಅನ್ನಿ, ನನ್ನ ತಕರಾರಿಲ್ಲ. ಆದರೆ ವಿಜ್ಞಾನ ಕಲಿಸುತ್ತೇನೆ ಅಂತ ಕೂತವರಿಗೆ ಈ ನೆಪ ನಡೆಯುವುದಿಲ್ಲ. ನಿಮ್ಮನ್ನು ನಂಬಿ ಮಕ್ಕಳು ನೋಡುತ್ತಿರುತ್ತಾರೆ. ಗಾತ್ರ ಹೇಳಬೇಕಾ, ಬಿಗ್ ಇದೆ, ಹ್ಯೂಜ್ ಇದೆ, ಜೈಂಟ್ ಇದೆ, ಯಾವುದನ್ನಾದರೂ ತೆಗೆದುಕೊಳ್ಳಿ. ಮ್ಯಾಸಿವ್ ಒಂದನ್ನು ದ್ರವ್ಯರಾಶಿಗೇ ಬಿಟ್ಟುಬಿಡಿ.