ಒಂದು ಒಳ್ಳೆ ಸೋಲು ಬೇಕಾಗಿದೆ

ಅಕ್ಕನ ಮಗಳು ಚಪ್ಪಲಿ ಬಿಡುತ್ತಲೇ ಕೇಳಿದಳು. "ಮಾವ, ನಿಂಗೆ ಯಾವಾಗ್ಲಾದ್ರೂ ಸೋಲಾಗೈತಾ? ನಂಗೊಂದು ಬೇಕಿತ್ತು. ನಾಳೆನೇ ಕೊಡ್ಬೇಕು."

ವಿಷಯ ಇಷ್ಟೇ. ಮಂಡ್ಯದ ಅವಳ ಶಾಲೆಯಲ್ಲಿ ಹತ್ತನೇ ಕ್ಲಾಸಿನವರೆಲ್ಲ ಬೀಳ್ಕೊಡುಗೆಗೆ ಮುಂಚೆ 'ನನ್ನನ್ನು ನಾನು ಕಂಡಾಗ' ಅಂತ ಒಂದು ಪ್ರಾಜೆಕ್ಟ್ ಮಾಡಬೇಕು. ಪೂರ್ವಸಿದ್ಧತಾ ಪರೀಕ್ಷೆ ಈಗಷ್ಟೇ ಮುಗಿದಿದೆ, ಎಸ್‌ಎಸ್‌ಎಲ್‌ಸಿ ಪರೀಕ್ಷೆ ಬಾಗಿಲಲ್ಲಿದೆ. ತನ್ನನ್ನು ತಾನು ಕಾಣಲು ಇದಕ್ಕಿಂತ ಬಿಡುವಿನ ಹೊತ್ತು ಇನ್ಯಾವುದಿದೆ?

ಮಗು ತನ್ನನ್ನು ತಾನೇ ಅಳೆದುಕೊಳ್ಳಲಿ, ಪ್ರಗತಿ ಪತ್ರ 360 ಡಿಗ್ರಿ ಇರಲಿ, ಅಂದ್ರೆ ಮಗುವನ್ನು ಎಲ್ಲ ಕಡೆಯಿಂದಲೂ ನೋಡಲಿ ಅಂತ 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲೊಂದು ಮಾತಿದೆ. ಒಳ್ಳೆಯ ಮಾತೇ. ದೆಹಲಿಯಿಂದ ಹೊರಟು ಮದ್ದೂರು ದಾಟುವಷ್ಟರಲ್ಲಿ ಅದು ಸ್ಪೈರಲ್ ಬೈಂಡಿಂಗ್ ಹಾಕಿಸಿಕೊಂಡಿತ್ತು. 2023ರಲ್ಲಿ ರಾಜ್ಯ ಸರ್ಕಾರ ಆ ನೀತಿಯೇ ಬೇಡ ಅಂತು. ಬೈಂಡಿಂಗ್ ಮಾತ್ರ ಬಿಚ್ಚಲಿಲ್ಲ. 625 ಅಂಕದಲ್ಲಿ 125 ಆಂತರಿಕ ಅಂಕ, ಅಷ್ಟೂ ಶಾಲೆಯ ಕೈಯಲ್ಲಿ. ಹೀಗಿರುವಾಗ ನಿನ್ನನ್ನು ನೀನು ನೋಡ್ಕೋ ಅಂದ್ರೆ ಯಾವ ಮಗು ತಾನೇ ಒಲ್ಲೆ ಅನ್ನುತ್ತೆ?

ಪ್ರಾಜೆಕ್ಟಿಗೆ ಒಟ್ಟು 20 ಅಂಕ. ಮುಖಪುಟಕ್ಕೆ 5, ಕೃತಜ್ಞತೆಗೆ 5, ಜೀವನದ ಗುರಿಗೆ 5, 'ನಾನು ಕಂಡ ಸೋಲು' ಅನ್ನುವುದಕ್ಕೆ 5. ನಮ್ಮ ಹುಡುಗಿ ಸಿಕ್ಕಿಬಿದ್ದದ್ದು ಇಲ್ಲೇ. ಒಂದನೇ ಕ್ಲಾಸಿಂದ ಫಸ್ಟ್ ಬರುವ ಮಗು ಸೋಲನ್ನು ಎಲ್ಲಿಂದ ತರಬೇಕು? ಅವರಪ್ಪ ಮದುವೆಗೆ ಸಾಲ ಕೇಳುವವರ ಹಾಗೆ ನೆಂಟರಿಗೆಲ್ಲ ಫೋನ್ ಮಾಡಿದ್ದಾರೆ.

ಕೊನೆಗೆ ನೂರಡಿ ರಸ್ತೆ ಪಕ್ಕದ ಒಂದು ಜೆರಾಕ್ಸ್ ಅಂಗಡಿಗೆ ಹೋದೆವು. ಹುಡುಗ ಕಂಪ್ಯೂಟರಿನಿಂದ ತಲೆ ಎತ್ತಲಿಲ್ಲ.

"ಯಾವ ಸೋಲು ಸಾರ್? ಓಟದಲ್ಲಿ ಬಿದ್ದಿದ್ದಾ, ಸ್ಟೇಜ್ ಮೇಲೆ ಮಾತು ಮರ್ತಿದ್ದಾ, ಅಜ್ಜಿ ತೀರ್ಕಂಡಿದ್ದಾ? ಅಜ್ಜಿದು ಕಲರ್ ತಗಳಿ, ಫೋಟೋಗೆ ಹಾರ ಹಾಕಿ ಕೊಡ್ತೀನಿ."

"ಅಜ್ಜಿ ಇನ್ನೂ ಇದಾರೆ ಕಣಪ್ಪ."

"ಹಂಗಾರೆ ಓಟನೇ ತಗಳಿ. ಚೆನ್ನಾಗಿ ಹೋಯ್ತಾ ಐತೆ."

ನಿಜ, ಚೆನ್ನಾಗಿಯೇ ಹೋಗುತ್ತಿದೆ. ಆಮೇಲೆ ಗೊತ್ತಾಯಿತು, ಅವಳ ಸೆಕ್ಷನ್ ಒಂದರಲ್ಲೇ 11 ಮಕ್ಕಳು ಓಟದಲ್ಲಿ ಬಿದ್ದಿದ್ದಾರಂತೆ. ಎಲ್ಲರದೂ ಬಲಗಾಲಿನ ಮಂಡಿ. ಆ ಶಾಲೆಗೆ ಮೈದಾನವೇ ಇಲ್ಲ.

ಅದೇ ಸೆಕ್ಷನ್ನಿನಲ್ಲಿ ನಮ್ಮ ಎದುರುಮನೆ ಹುಡುಗನೂ ಇದ್ದಾನೆ. ಸೋಲಿನ ವಿಷಯದಲ್ಲಿ ಅವನು ಸಿರಿವಂತ. ನೋಟ್‌ಬುಕ್ಕಿನ ಹಾಳೆ ಹರಿದು ತಾನೇ ಬರೆದಿದ್ದ. ಗಣಿತ ಬರಲ್ಲ, ಪ್ರಿಪರೇಟರಿಯಲ್ಲೂ ಫೇಲು. ಅಪ್ಪನ ಆಲೆಮನೆಯಲ್ಲಿ ಪಾಕವನ್ನು ನೀರಿಗೆ ಬಿಟ್ಟು ಹದ ನೋಡುವ ಕೆಲಸ ಇವನದು. ನೀರಿನಲ್ಲಿ ಉಂಡೆ ಕಟ್ಟಿತು ಅಂದ್ರೆ ಕೊಪ್ಪರಿಗೆ ಇಳಿಸಬೇಕು. ಒಂದು ರಾತ್ರಿ ಮೊಬೈಲ್ ನೋಡ್ತಾ ಕೂತ. ಕೊಪ್ಪರಿಗೆಯಷ್ಟೂ ಪಾಕ ಸೀದುಹೋಯಿತು. 'ಅಪ್ಪ ಹೊಡೀಲಿಲ್ಲ, ಸುಮ್ನೆ ಕೂತ್ಕಂಡ್ರು' ಅಂತ ಕೊನೆಯ ಸಾಲು.

ಹಾಳೆ ವಾಪಸ್ ಬಂತು. ಮೇಲೆ ಕೆಂಪು ಇಂಕಿನಲ್ಲಿ: 'ಟೈಪ್ ಮಾಡಿಸಿಲ್ಲ. ಪಾಠವೇನು? ಚಿತ್ರ ಎಲ್ಲಿ?' ಗಣಿತದ ಸಾಲಿಗೆ ಅಡ್ಡ ಗೀಟು. ಮಿಸ್ಸು ಕರೆದು ಬಿಡಿಸಿ ಹೇಳಿದರಂತೆ, "ಸೋಲು ಬೇರೆ, ಫೇಲು ಬೇರೆ ಕಣೋ. ಬೀಳ್ಕೊಡುಗೆ ದಿನ ಇದನ್ನೆಲ್ಲ ಟೇಬಲ್ ಮೇಲೆ ಜೋಡಿಸ್ತೀವಿ, ಪೇರೆಂಟ್ಸ್ ಓದ್ತಾರೆ." ಗೇಟಿನ ಮೇಲೆ ನೂರಕ್ಕೆ ನೂರು ಫಲಿತಾಂಶದ ಫ್ಲೆಕ್ಸ್ ಬೇರೆ ಇದೆಯಲ್ಲ. ಹುಡುಗ ಅಂಗಡಿಗೆ ಹೋಗಿ ಓಟದಲ್ಲಿ ಬಿದ್ದು ಬಂದ. ಹನ್ನೆರಡನೆಯವನು.

ನಮ್ಮ ಹುಡುಗಿ ಮಾತ್ರ ಹಠ ಹಿಡಿದಳು. ಬಿದ್ದವರ ಸಾಲಲ್ಲಿ ಹದಿಮೂರನೆಯವಳಾಗಲು ಒಪ್ಪಲಿಲ್ಲ. ಹಾಗಾಗಿ ಸೋಲನ್ನು ನಾನೇ ಕೊಟ್ಟೆ. ನಮ್ಮ ಕಾಲಕ್ಕೆ ಈಗಿನ ಹಾಗೆ ಪರೀಕ್ಷೆ 1, ಪರೀಕ್ಷೆ 2 ಅಂತೆಲ್ಲ ಇರಲಿಲ್ಲ. ಮಾರ್ಚ್ ಹೋದ್ರೆ ಅಕ್ಟೋಬರ್. ನಾನು ಎರಡಕ್ಕೂ ಹೋಗಿ ಗಣಿತದಲ್ಲಿ ಎರಡು ಸಲವೂ ಬಿದ್ದವನು, ಒಂದು ಸಲವಂತೂ ಎರಡೇ ಮಾರ್ಕ್ಸಿನಲ್ಲಿ. 'ನಮ್ಮ ಮಾವನ ಸೋಲಿನಿಂದ ನಾನು ಕಲಿತದ್ದು' ಅಂತ ತಲೆಬರಹ ಕೊಟ್ಟು, ನನ್ನ ಹಳೇ ಮಾರ್ಕ್ಸ್ ಕಾರ್ಡಿನ ಜೆರಾಕ್ಸ್ ಅಂಟಿಸಿ, ಸುತ್ತ ಗ್ಲಿಟರ್ ಬಳಿದಳು.

ಮೊನ್ನೆ ಫೈಲ್ ವಾಪಸ್ ಬಂತು. ಓಟದಲ್ಲಿ ಬಿದ್ದ ಹನ್ನೆರಡು ಜನಕ್ಕೂ 5ಕ್ಕೆ 5. ನನ್ನ ಸೋಲಿಗೆ 5ಕ್ಕೆ 1. ಪಕ್ಕದಲ್ಲಿ ದುಂಡಗೆ ಬರೆದಿದ್ದರು: 'ಮಾವ ಮುಂದೆ ಏನಾದರು? ಗೆಲುವು ಕಾಣುತ್ತಿಲ್ಲ.'