ಧೈರ್ಯ ತಗೋ ಅನ್ನೋದು ಚಿಕಿತ್ಸೆ ಅಲ್ರೀ

ಇವತ್ತು ಸಂಜೆ ಕಲಬುರಗಿ ಸೂಪರ್ ಮಾರ್ಕೆಟ್ ಹತ್ತಿರದ ಒಂದು ಮೆಡಿಕಲ್ ಮುಂದೆ ಕಿವಿಗೆ ಬಿದ್ದದ್ದು. ಇಪ್ಪತ್ನಾಲ್ಕು-ಇಪ್ಪತ್ತೈದರ ಹುಡುಗ ಚೀಟಿ ಕೊಟ್ಟು ನಿಂತಿದ್ದ. ಅಂಗಡಿಯವ ಚೀಟಿ ನೋಡಿ, ನಾಲ್ಕು ಮಂದಿಗೆ ಕೇಳೋ ಹಾಗೆ, "ಇದು ತಲಿ ಗುಳಗಿ ಅದ ತಮ್ಮಾ, ಚಟ ಹತ್ತತದ. ಧೈರ್ಯ ತಗೋ, ಛಲೋ ವಿಚಾರ ಮಾಡು" ಅಂದ. ಹಿಂದೆ ನಿಂತಿದ್ದ ಕಾಕಾ ಒಬ್ಬರು ದನಿಗೂಡಿಸಿದರು: "ಈಗ ಅದೇನೋ ಸಿಬಿಟಿ ಅಂತ ಬಂದದಲ್ಲ, ಅದರಾಗೂ ಇದನ್ನೇ ಹೇಳ್ತಾರ. ರೊಕ್ಕ ಕೊಟ್ಟು ಕೇಳಬೇಕು, ಅಷ್ಟೇ." ಹುಡುಗ ಚೀಟಿ ಮಡಚಿ ಜೇಬಿಗಿಟ್ಟುಕೊಂಡು ಗುಳಿಗೆ ತಗೊಳ್ಳದೇ ಹೋದ.

ಆಗಿನಿಂದ ತಲೆ ಕುದೀತಾ ಇದೆ. ಹಾಗಾಗಿ ಖಿನ್ನತೆ (ಡಿಪ್ರೆಶನ್), ಅದರ ಗುಳಿಗೆ, ಮತ್ತೆ ಸಿಬಿಟಿ, ಅಂದರೆ ಕಾಗ್ನಿಟಿವ್ ಬಿಹೇವಿಯರ್ ಥೆರಪಿ ಅನ್ನೋ ಮಾತಿನ ಚಿಕಿತ್ಸೆ, ಇವುಗಳ ಬಗ್ಗೆ ಉದ್ದ ಬರೀತೀನಿ. ಬೇಕಿದ್ದರೆ ಓದಿ.

ಗುಳಿಗೆ ವಿಷಯ ಮೊದಲು ಮುಗಿಸ್ತೀನಿ, ಅದು ಸಣ್ಣದು. ಚಟ ಹತ್ತಿಸೋದು ಆಲ್ಪ್ರಜೋಲಮ್‌ನಂಥ ನಿದ್ದೆ ಗುಳಿಗೆ. ಅದನ್ನು ಚೀಟಿ ಕೇಳದೇ ಕೊಡುವಾಗ ಯಾರಿಗೂ ಚಟದ ಚಿಂತೆ ಇರಲ್ಲ, ಅದು ಬೇರೆ ಮಾತು. ಖಿನ್ನತೆಗೆ ಬರೆಯೋ ಎಸಿಟಾಲೋಪ್ರಾಮ್, ಫ್ಲುಯೋಕ್ಸೆಟಿನ್, ಸರ್ಟ್ರಾಲಿನ್ ಆ ಜಾತಿಯವಲ್ಲ. ಇವುಗಳ ಸಮಸ್ಯೆಯೇ ಬೇರೆ: ಹೊಟ್ಟೆ ತೊಳಸೋದು, ತಲೆನೋವು ಮೊದಲ ವಾರವೇ ಬರುತ್ತೆ, ಗುಣ ಕಾಣೋದಕ್ಕೆ 2ರಿಂದ 4 ವಾರ ಬೇಕು. ಮೊದಲು ತ್ರಾಸು, ಆಮೇಲೆ ಲಾಭ. ಎಂಟನೇ ದಿನಕ್ಕೆ "ಏನೂ ಆಗಲಿಲ್ಲ" ಅಂತ ಬಿಡೋರು ತ್ರಾಸು ಮಾತ್ರ ಉಂಡು ಎದ್ದು ಹೋಗ್ತಾರೆ. ಹಗುರಾದ ಮೇಲೂ ಕನಿಷ್ಠ 6 ತಿಂಗಳು ಮುಂದುವರಿಸಬೇಕು. ಬಿಡುವಾಗಲೂ ಒಮ್ಮೆಲೇ ಅಲ್ಲ, ವೈದ್ಯರು ಹೇಳಿದ ಹಾಗೆ ಇಳಿಸ್ತಾ ಬರಬೇಕು. ಜೊತೆಗೆ ಥೈರಾಯ್ಡ್, ಬಿ12, ಹಿಮೋಗ್ಲೋಬಿನ್ ಒಮ್ಮೆ ನೋಡಿಸಬೇಕು. ಥೈರಾಯ್ಡ್ ಕಡಿಮೆ ಇರೋರಿಗೆ ಎಷ್ಟು ಧೈರ್ಯ ಹೇಳಿದರೂ ಥೈರಾಯ್ಡ್ ಏರಲ್ಲ.

ಇನ್ನು ಕಾಕಾನ ಮಾತು. ನನ್ನ ಸಿಟ್ಟೆಲ್ಲ ಇದರ ಮೇಲೆಯೇ.

1960ರ ದಶಕದಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಆರನ್ ಬೆಕ್ ಅನ್ನೋ ಮನೋವೈದ್ಯರು ಈ ಸಿಬಿಟಿ ಚಿಕಿತ್ಸೆ ಕಟ್ಟಿದರು. ಖಿನ್ನರಾದವರ ತಲೆಯಲ್ಲಿ ಕೆಲವು ಯೋಚನೆಗಳು ಕರೆಯದೇ ಬಂದು ಕೂರ್ತವೆ, ಅವರು ಅವನ್ನು ಪರೀಕ್ಷೆ ಮಾಡದೇ ನಂಬ್ತಾರೆ ಅನ್ನೋದು ಅವರು ಗಮನಿಸಿದ ಸಂಗತಿ. ಆ ಜಾಗದಲ್ಲಿ ಒಳ್ಳೆ ಯೋಚನೆ ತುಂಬಿ ಅಂತ ಅವರು ಹೇಳಲಿಲ್ಲ, ಪರೀಕ್ಷೆ ಮಾಡಿ ಅಂದರು. ನಮ್ಮ ಗಂಜ್ ಮಾರುಕಟ್ಟೆಯಲ್ಲಿ ತೊಗರಿ ಖರೀದಿ ನೋಡಿದ್ದೀರಲ್ಲ? ಚೀಲದ ಮೇಲೆ ಕೈಯಾಡಿಸಿ "ಛಲೋ ಅದ" ಅಂತ ಯಾರೂ ರೇಟು ಹಚ್ಚಲ್ಲ. ಕೊಳವೆ ಚುಚ್ಚಿ, ಒಳಗಿನ ಕಾಳು ತೆಗೆದು, ಅಂಗೈಯಲ್ಲಿ ಹರಡಿ ನೋಡ್ತಾರೆ. ಸಿಬಿಟಿ ಅಂದರೆ ಆ ಕೊಳವೆ. "ಪಾಸಿಟಿವ್ ಥಿಂಕಿಂಗ್" ಅಂದರೆ ಹುಳ ಬಿದ್ದ ತೊಗರಿ ಚೀಲದ ಮೇಲೆ ಹೊಸ ಲೇಬಲ್ ಅಂಟಿಸೋದು. ಎರಡೂ ಒಂದೇನಾ ಕಾಕಾ?

ಶುರುವಾಗೋದು ಯೋಚನೆಯಿಂದ ಕೂಡ ಅಲ್ಲ. ತೀರಾ ಕುಸಿದಿರೋರಿಗೆ ಮೊದಲು ಕೊಡೋದು ದಿನಚರಿ ಪಟ್ಟಿ. ನೂರು ಪುಟದ ನೋಟ್‌ಬುಕ್ ಸಾಕು. ಮೊದಲ ವಾರ ಏನನ್ನೂ ಬದಲಿಸಬಾರದು. ಗಂಟೆಗೊಂದು ಸಾಲು: ಏನು ಮಾಡಿದೆ, ಅದರಿಂದ ಖುಷಿ ಎಷ್ಟು, ಮಾಡಿ ಮುಗಿಸಿದ ಸಮಾಧಾನ ಎಷ್ಟು, ಎರಡಕ್ಕೂ 0ಯಿಂದ 10ರ ಒಳಗೆ ಅಂಕ. "ಇಡೀ ದಿನ ಹಾಳು" ಅನ್ನೋರ ಪಟ್ಟಿಯಲ್ಲೂ ಎಲ್ಲೋ ಒಂದು 3, ಒಂದು 4 ಸಿಗುತ್ತೆ. ಎರಡನೇ ವಾರ ಅಂಥವನ್ನೇ ಹಿಡಿದು, ಸಮಯ ಗೊತ್ತು ಮಾಡಿ ಸೇರಿಸಬೇಕು. ಮಾಡೋ ಮೊದಲು "ಎಷ್ಟು ಖುಷಿ ಸಿಗಬಹುದು" ಅಂತ ಒಂದು ಅಂಕ, ಮಾಡಿದ ಮೇಲೆ ಸಿಕ್ಕ ಅಂಕ. ಮೊದಲು 1 ಅಂತ ಬರೆದದ್ದು ಆಮೇಲೆ 3 ಆಗೋದು ಮಾಮೂಲು. ತನ್ನ ಖಿನ್ನ ಮನಸ್ಸು ಹೇಳೋ ಭವಿಷ್ಯ ಸುಳ್ಳಾಗ್ತದೆ ಅನ್ನೋದು ಅವರಿಗೆ ಸ್ವಂತ ಅಕ್ಷರದಲ್ಲಿ ಕಾಣೋದು ಅಲ್ಲೇ, ಮೊದಲ ಸಲ.

ಇಲ್ಲಿ ಎಲ್ಲರೂ ಎಡವೋದು ಅಳತೆಯಲ್ಲಿ. "ನಾಳೆಯಿಂದ ದಿನಾ ಐದು ಕಿಲೋಮೀಟರ್ ನಡೀತೀನಿ." ಮೂರನೇ ದಿನ ಆಗಲ್ಲ, "ನನ್ನ ಕೈಲಿ ಇದೂ ಆಗಲಿಲ್ಲ" ಅನ್ನೋದಕ್ಕೆ ಹೊಸ ಸಾಕ್ಷಿ ಸಿಕ್ಕಿತು. ಹತ್ತು ನಿಮಿಷ ಅಂತ ಬರೀರಿ. ಅಪ್ಪನ ಕೆರೆ ಸುತ್ತೋದು ಬೇಡ, ಓಣಿ ತುದಿಯ ಹಾಲಿನ ಅಂಗಡಿತನಕ ಹೋಗಿ ಬಂದರೆ ಆಯಿತು. (ಮೇ ತಿಂಗಳಲ್ಲಿ "ಮಧ್ಯಾಹ್ನದ ಬಿಸಿಲಿಗೆ ಮೈ ಒಡ್ಡಿ" ಅನ್ನೋ ಆ್ಯಪ್ ಬರೆದವರನ್ನು ಒಮ್ಮೆ ಇಲ್ಲಿಗೆ ಕರೆಸಬೇಕು. ನಮ್ಮಲ್ಲಿ ಅದು ಬೆಳಿಗ್ಗೆ ಆರರ ಕೆಲಸ.) ಮತ್ತೆ, "ಮನಸ್ಸು ಬಂದ ಮೇಲೆ ಮಾಡ್ತೀನಿ" ಅಂತ ಕೂತರೆ ಅದು ಬರಲ್ಲ. ವಾಶರ್ ಒಣಗಿದ ಹಳೇ ಹ್ಯಾಂಡ್‌ಪಂಪಿಗೆ ಮೊದಲು ಒಂದು ಚೊಂಬು ನೀರು ಹುಯ್ದೇ ಹೊಡೀಬೇಕು. ಕೆಲಸ ಮೊದಲು, ಮನಸ್ಸು ಹಿಂದೆ.

ಹೆಣ್ಣುಮಕ್ಕಳ ಪಟ್ಟಿ ಬೇರೆ ಥರ ಇರುತ್ತೆ, ಇದನ್ನು ಬಿಡಿಸಿ ಹೇಳಲೇಬೇಕು. ಐದಕ್ಕೆ ಎದ್ದು ಮೂವತ್ತು ಜೋಳದ ರೊಟ್ಟಿ ಬಡಿಯೋ ಅಕ್ಕನಿಗೆ "ಚಟುವಟಿಕೆ ಹೆಚ್ಚಿಸಿ" ಅಂದರೆ ಅವಳು ನಗ್ತಾಳೆ, ನಗಲೇಬೇಕು. ಅವಳ ಸಾಲು ಹೀಗಿರುತ್ತೆ: "ರೊಟ್ಟಿ ಮಾಡಿದೆ. ಖುಷಿ 0, ಸಮಾಧಾನ 0." ಸಮಾಧಾನಕ್ಕೆ ಯಾಕವ್ವಾ ಸೊನ್ನೆ ಅಂದರೆ, "ಅದೇನು ದೊಡ್ಡ ಕೆಲಸ ಬಿಡ್ರಿ, ದಿನಾ ಮಾಡೋದೇ." ನೋಡಿ, ರೋಗ ಕೂತಿರೋದು ಆ "ಅದೇನು ದೊಡ್ಡ ಕೆಲಸ"ದಲ್ಲಿ. ಮಾಡಿದ್ದನ್ನು ಲೆಕ್ಕಕ್ಕೇ ಹಿಡಿಯದಿರೋದು. ಅವಳಿಗೆ ಇನ್ನೊಂದು ಕೆಲಸ ಸೇರಿಸಬಾರದು. ಆ ಸೊನ್ನೆಯ ಮೇಲೆ ಮಾತಾಡಬೇಕು, ಮತ್ತೆ ಅವಳದೇ ಅನ್ನೋ ಇಪ್ಪತ್ತು ನಿಮಿಷವನ್ನು ಪಟ್ಟಿಯಲ್ಲಿ ಹುಟ್ಟಿಸಬೇಕು. ಅದಕ್ಕೆ ಮನೆಯವರ ಜೊತೆಗೂ ಒಂದು ದಿನ ಕೂರಬೇಕಾಗುತ್ತೆ. ಬರೆಯೋಕೆ ಬಾರದಿದ್ದರೆ ಫೋನಿನಲ್ಲಿ ದನಿ ರೆಕಾರ್ಡ್ ಮಾಡಿದರೂ ನಡೆಯುತ್ತೆ.

ಆಮೇಲೆ ಬರೋದು ಯೋಚನೆಯ ಪಟ್ಟಿ. ಏಳು ಕಾಲಮ್ಮು. ಒಂದು ಉದಾಹರಣೆ ತಗೊಳ್ಳಿ, ಪರೀಕ್ಷೆಗೆ ಓದೋ ಹುಡುಗ. ಸಂದರ್ಭ: ಮಂಗಳವಾರ 11 ಗಂಟೆ, ಲೈಬ್ರರಿ, ಗೆಳೆಯ ನೋಡಿಯೂ ಮಾತಾಡಿಸದೇ ಹೋದ. ಭಾವನೆ: ದುಃಖ, ನೂರಕ್ಕೆ 85. ಯೋಚನೆ: "ನಾನು ಯಾತಕ್ಕೂ ಬಾರದವ, ಅವನಿಗೂ ಗೊತ್ತಾಗಿದೆ." ಪರವಾದ ಸಾಕ್ಷಿ: ಎರಡು ಸಲ ಪ್ರಿಲಿಮ್ಸ್ ಆಗಿಲ್ಲ. ವಿರುದ್ಧ ಸಾಕ್ಷಿ: ಎರಡನೇ ಸಲ 11 ಅಂಕ ಹೆಚ್ಚು ಬಂದಿತ್ತು, ಅದೇ ಗೆಳೆಯ ಶನಿವಾರ ನೋಟ್ಸ್ ಕೇಳಿದ್ದ, ಹೋಗುವಾಗ ಅವನ ಕಿವಿಯಲ್ಲಿ ಇಯರ್‌ಫೋನ್ ಇತ್ತು. ತೂಗಿ ನೋಡಿದ ಮೇಲೆ: "ಎರಡು ಸಲ ಆಗಿಲ್ಲ, ಅದು ನಿಜ. ಯಾತಕ್ಕೂ ಬಾರದವ ಅನ್ನೋದಕ್ಕೆ ಅದು ಸಾಲದು. ಅವನ ಮನಸ್ಸಿನಲ್ಲಿ ಏನಿತ್ತೋ ನನಗೆ ಗೊತ್ತಿಲ್ಲ." ಕೊನೇ ಕಾಲಮ್, ಈಗ ದುಃಖ: 60.

ಅರವತ್ತು! ಸೊನ್ನೆಯಲ್ಲ. "ನಾನು ಗೆದ್ದೇ ಗೆಲ್ತೀನಿ" ಅಂತ ಎಲ್ಲೂ ಬರೆದಿಲ್ಲ, ಗಮನಿಸಿದಿರಾ? ಹಾಗೆ ಬರೆದರೆ ಅವನೇ ನಂಬಲ್ಲ. 85ರಿಂದ 60ಕ್ಕೆ ಇಳಿದರೆ ಎದ್ದು ಮುಖ ತೊಳೆದು ಮಧ್ಯಾಹ್ನದ ಊಟಕ್ಕೆ ಹೋಗಬಹುದು, ಅಷ್ಟೇ ಇದರ ಕೆಲಸ. ಸೊನ್ನೆ ಆಗಲಿಲ್ಲ ಅಂತ ಎರಡನೇ ವಾರಕ್ಕೇ ನೋಟ್‌ಬುಕ್ ಅಟ್ಟಕ್ಕೆ ಹಾಕೋರಿಗೆ ಇದನ್ನು ಮೊದಲೇ ಯಾರೂ ಹೇಳಿರಲ್ಲ.

ಇನ್ನೂ ಎರಡು-ಮೂರು ಕಡೆ ಕೆಡುತ್ತೆ. ಯೋಚನೆಯ ಕಾಲಮ್ಮಿನಲ್ಲಿ "ತುಂಬಾ ಬೇಜಾರಾಯಿತು" ಅಂತ ಬರೀತಾರೆ; ಅದು ಭಾವನೆ, ಅದರ ಜಾಗ ಪಕ್ಕದ ಕಾಲಮ್ಮು. "ನನಗೇ ಯಾಕೆ ಹೀಗೆ?" ಅಂತ ಪ್ರಶ್ನೆ ಬರೀತಾರೆ, ಪ್ರಶ್ನೆಗೆ ಸಾಕ್ಷಿ ಹುಡುಕೋಕೆ ಬರಲ್ಲ, ಅದರ ಹೊಟ್ಟೆಯಲ್ಲಿರೋ ಉತ್ತರ ಹೊರಗೆ ತೆಗೀಬೇಕು: "ನಾನು ಸರಿ ಇಲ್ಲ, ಅದಕ್ಕೇ ಹೀಗೆ." ಸಾಕ್ಷಿ ಕಾಲಮ್ಮಿನಲ್ಲಿ "ಹಾಗನ್ನಿಸುತ್ತೆ" ಅಂತ ಬರೀತಾರೆ; ಅನ್ನಿಸಿದ್ದು ಯಾವ ಕೋರ್ಟಿನಲ್ಲೂ ನಿಲ್ಲಲ್ಲ. ವಾರದ್ದೆಲ್ಲ ಸೇರಿಸಿ ಅಪಾಯಿಂಟ್‌ಮೆಂಟಿನ ಹಿಂದಿನ ರಾತ್ರಿ ಬರೆಯೋರೂ ಇದ್ದಾರೆ, ಶಾಲೆಯ ಕಾಪಿ ರೈಟಿಂಗ್ ಥರ. ಒಪ್ಪಿಕೊಳ್ತೀನಿ, "ಹೋಮ್‌ವರ್ಕ್" ಅನ್ನೋ ಪದ ನನಗೂ ಸೇರಲ್ಲ, ಕೇಳಿದರೇ ಮೈ ಉರಿಯುತ್ತೆ. ಏನು ಮಾಡೋದು, ಚಿಕಿತ್ಸೆ ಇರೋದು ಅದರಲ್ಲೇ. ವಾರಕ್ಕೆ ಇರೋದು 168 ಗಂಟೆ, ಅದರಲ್ಲಿ ಚಿಕಿತ್ಸಕರ ಎದುರು ಕೂರೋದು ಒಂದೇ ಗಂಟೆ.

ಹಾಗಾಗಿ ನಿಮಗೆ ಸಿಗ್ತಿರೋದು ಸಿಬಿಟಿ ಹೌದೋ ಅಲ್ಲವೋ ಅಂತ ನೀವೇ ತೂಗಬಹುದು. ಕೂತ ಕೂಡಲೇ ಕಳೆದ ವಾರದ ನೋಟ್‌ಬುಕ್ ಕೇಳಿದರಾ? ಇವತ್ತು ಯಾವುದರ ಮೇಲೆ ಮಾತಾಡೋಣ ಅಂತ ನಿಮ್ಮನ್ನೂ ಕೇಳಿ ನಿರ್ಧರಿಸಿದರಾ? ಏಳುವಾಗ ಮುಂದಿನ ವಾರದ ಕೆಲಸ ಗೊತ್ತಾಯಿತಾ? 50 ನಿಮಿಷದಲ್ಲಿ 40 ನಿಮಿಷ ಅವರೇ ಮಾತಾಡಿದರೆ ಅದು ಪ್ರವಚನ, ಅದನ್ನು ಪುಕ್ಕಟೆ ಕೇಳೋಕೆ ನಮ್ಮೂರಲ್ಲಿ ಬೇಕಾದಷ್ಟು ಜಾಗ ಇದೆ. ಕ್ಲಿನಿಕಲ್ ಸೈಕಾಲಜಿಸ್ಟ್ ಅಂತ ಬೋರ್ಡ್ ಇದ್ದರೆ ಆರ್‌ಸಿಐ (ಭಾರತೀಯ ಪುನರ್ವಸತಿ ಪರಿಷತ್ತು) ನೋಂದಣಿ ಸಂಖ್ಯೆ ಕೇಳಿ, ಕೇಳೋದು ತಪ್ಪಲ್ಲ. ಸಾಮಾನ್ಯವಾಗಿ ವಾರಕ್ಕೊಂದರಂತೆ 12ರಿಂದ 20 ಸಲ ಕೂರಬೇಕು. "ಎರಡೇ ದಿನದಲ್ಲಿ ಖಿನ್ನತೆ ಮಾಯ" ಅನ್ನೋ ಶಿಬಿರದ ಪೋಸ್ಟರ್ ಕಂಡರೆ ಆ ಕಡೆ ತಿರುಗಬೇಡಿ.

ಈಗ ಬರೋ ಕಾಮೆಂಟ್ ಗೊತ್ತು: "ನಮ್ಮ ಅಜ್ಜ-ಆಯಿ ಏನ್ ಸಿಬಿಟಿ ಮಾಡಿದ್ರು? ಶರಣಬಸವೇಶ್ವರ ಗುಡಿಗೆ ಹೋಗಿ ಬಂದರ, ಬಂದೇನವಾಜ್ ದರ್ಗಾಕ್ಕೆ ಹೋಗಿ ಬಂದರ ಎಲ್ಲ ಸರಿ ಹೋಗ್ತದ." ಹೋಗಿ ಬನ್ನಿ, ಯಾರು ಬೇಡ ಅಂದರು? ಪಟ್ಟಿಯಲ್ಲಿ ಬೆಳಿಗ್ಗೆ ಆರರ ಸಾಲಿನಲ್ಲಿ ಬರೆದು, ಅಂಕ ಹಾಕಿ. 6 ಬಂದರೆ ದಿನಾ ಹೋಗಿ. ಅಜ್ಜ-ಆಯಿಯರ ಕಾಲದ ಬಗ್ಗೆ ಮಾತ್ರ ಕೇಳಬೇಡಿ. ಆಗ ಎಷ್ಟು ಮಂದಿ ಬಾವಿಗೆ ಬಿದ್ದರು, "ಕಾಲು ಜಾರಿತು" ಅಂತ ಎಷ್ಟು ಮನೆಯಲ್ಲಿ ಹೇಳಿದರು ಅನ್ನೋ ಲೆಕ್ಕ ಯಾರೂ ಇಟ್ಟಿಲ್ಲ. "ಇಲ್ಲೆಲ್ಲಿ ಸಿಗ್ತಾರೆ ಇಂಥ ಚಿಕಿತ್ಸಕರು" ಅನ್ನೋದು ಮಾತ್ರ ನ್ಯಾಯವಾದ ತಕರಾರು. ಕಡಿಮೆ ಇದ್ದಾರೆ, ಸುರಪುರ-ಔರಾದ ಕಡೆಯವರಿಗೆ ಬಸ್ ಚಾರ್ಜೇ ಭಾರ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಮಾದರಿಯನ್ನು 1980ರ ದಶಕದಲ್ಲಿ ಪ್ರಯೋಗ ಮಾಡಿದ್ದು ನಮ್ಮದೇ ಸೀಮೆಯ ಬಳ್ಳಾರಿಯಲ್ಲಿ, ಅದು ದೇಶಕ್ಕೆ ಹೋಗಿದ್ದು 1996ರಲ್ಲಿ. ಹೆಮ್ಮೆ ಪಡಬೇಕೋ, ಹಣೆ ಚಚ್ಚಿಕೊಳ್ಳಬೇಕೋ ಗೊತ್ತಾಗಲ್ಲ. ಸದ್ಯಕ್ಕೆ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಗಳಾದ ಕಲಬುರಗಿಯ ಜಿಮ್ಸ್, ಬೀದರಿನ ಬ್ರಿಮ್ಸ್, ಯಾದಗಿರಿಯ ಯಿಮ್ಸ್‌ನಲ್ಲಿ ಮನೋವೈದ್ಯ ವಿಭಾಗಕ್ಕೆ ಹೋಗಿ ವಿಚಾರಿಸಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಹಗಲು-ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ಇನ್ನೊಂದು, ಇದು ನೋಟ್‌ಬುಕ್‌ಗೆ ಕಾಯಲ್ಲ. "ಸತ್ತರೆ ಸಾಕು" ಅನ್ನೋ ಮಾತು ಮನೆಯಲ್ಲಿ ಕೇಳಿದರೆ ಧೈರ್ಯ ಹೇಳೋಕೆ ಕೂರಬೇಡಿ, ನೇರವಾಗಿ ಕೇಳಿ: ಸಾಯೋ ವಿಚಾರ ಬರ್ತಿದೆಯಾ, ಹೇಗೆ ಅಂತ ಯೋಚನೆ ಮಾಡಿದ್ದೀಯಾ? ಕೇಳೋದರಿಂದ ಆ ಯೋಚನೆ ಹುಟ್ಟಲ್ಲ. ಹೊಲಕ್ಕೆ ತಂದ ತೊಗರಿ-ಹತ್ತಿಯ ಔಷಧ ಅದೇ ಕ್ಷಣ ಮನೆಯಿಂದ ಹೊರಗೆ ಹೋಗಬೇಕು, ಬೇರೆಯವರ ಮನೆಯಲ್ಲಿ ಬೀಗದಲ್ಲಿರಬೇಕು. ಆ ಹೊತ್ತು ದಾಟೋತನಕ ಅವರನ್ನು ಒಬ್ಬರನ್ನೇ ಬಿಡಬೇಡಿ, ಅದೇ ದಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಆ ಹುಡುಗನ ಕಣ್ಣಿಗೆ ಇದು ಬೀಳುತ್ತೋ ಇಲ್ಲವೋ. ಬಿದ್ದರೆ: ಆ ಚೀಟಿ ಬೇರೆ ಮೆಡಿಕಲ್‌ನಲ್ಲೂ ನಡೆಯುತ್ತೆ ತಮ್ಮಾ. ಹರಿದು ಒಗೆದಿದ್ದರೂ ಚಿಂತೆಯಿಲ್ಲ, ಬರೆದ ವೈದ್ಯರ ಹತ್ತಿರ ನಾಳೆ ಹೋಗು, ಇನ್ನೊಂದು ಬರೆದು ಕೊಡ್ತಾರೆ, ಬೈಯಲ್ಲ. ಬರ್ತಾ ಒಂದು ನೂರು ಪುಟದ ನೋಟ್‌ಬುಕ್ ತಗೊಂಡು ಬಾ.