ಅಮ್ಮನಿಗೆ ಗೊತ್ತಿತ್ತು, ಹೇಳಲಿಲ್ಲ

ಅಮ್ಮನ ಕಣ್ಣಿನ ಪೊರೆ ತೆಗೆಸುವ ದಿನ ನರ್ಸ್ ಬಂದು ಬಲಗಣ್ಣಿಗೆ ಹನಿ ಹಾಕತೊಡಗಿದರು. ಆಪರೇಷನ್ ಆಗಬೇಕಿದ್ದದ್ದು ಎಡಗಣ್ಣಿಗೆ. ನಾನು ಕೇಳಿದ ಮೇಲೆ ಕೇಸ್‌ಶೀಟ್ ನೋಡಿ ತಿದ್ದಿಕೊಂಡರು. ‘ನಿನಗೆ ಗೊತ್ತಾಗಲಿಲ್ಲವೇನಮ್ಮ?’ ಎಂದೆ. ‘ಗೊತ್ತಾಯಿತು. ಓದಿದವರು, ಏನೋ ಕಾರಣ ಇರುತ್ತದೆ ಅಂದುಕೊಂಡೆ’ ಎಂದಳು.

ನರ್ಸ್ ಮೇಲೆ ಬಾರದ ಸಿಟ್ಟು ಈ ಮಾತಿಗೆ ಬಂತು. ‘ವೈದ್ಯೋ ನಾರಾಯಣೋ ಹರಿಃ’ ಎಂದು ಕೈಮುಗಿಯುವುದನ್ನು ಕಲಿತ ನಾವು, ಕೇಳುವುದನ್ನು ಉದ್ಧಟತನ ಎಂದುಕೊಂಡುಬಿಟ್ಟಿದ್ದೇವೆ.

ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಹೊರತಂದ ಶಸ್ತ್ರಚಿಕಿತ್ಸಾ ಸುರಕ್ಷತಾ ಪಟ್ಟಿಯಲ್ಲಿ 19 ಅಂಶಗಳಿವೆ. ಅರಿವಳಿಕೆ ಕೊಡುವ ಮುನ್ನ ಮಾಡಬೇಕಾದ ಮೊದಲ ಕೆಲಸವೇ ರೋಗಿಯಿಂದ ಹೆಸರು, ಕೊಯ್ಯುವ ಜಾಗ, ಚಿಕಿತ್ಸೆ ಯಾವುದು, ಒಪ್ಪಿಗೆ ಇದೆಯೇ ಎಂಬುದನ್ನು ಖಚಿತಪಡಿಸಿಕೊಳ್ಳುವುದು. ದೆಹಲಿಯೂ ಸೇರಿ ಎಂಟು ನಗರಗಳ ಆಸ್ಪತ್ರೆಗಳಲ್ಲಿ ಈ ಪಟ್ಟಿ ಬಳಸಿ ನೋಡಿದಾಗ ಸಾವಿನ ಪ್ರಮಾಣ ಶೇ 1.5ರಿಂದ ಶೇ 0.8ಕ್ಕೆ ಇಳಿಯಿತು. ಆದರೆ ಕೆನಡಾದ ಆಂಟಾರಿಯೊದಲ್ಲಿ ಪಟ್ಟಿ ಜಾರಿಯಾದ ಮೇಲೆ ಹೇಳಿಕೊಳ್ಳುವಂಥ ಇಳಿಕೆ ಕಾಣಲಿಲ್ಲ ಎಂದು 2014ರಲ್ಲಿ ವರದಿಯಾಯಿತು. ನನಗೆ ಅದರಲ್ಲಿ ಆಶ್ಚರ್ಯವೇನೂ ಇಲ್ಲ. ರೋಗಿಯನ್ನು ಕೇಳದೆ ಪಟ್ಟಿಯಲ್ಲಿ ಸುಮ್ಮನೆ ಟಿಕ್ ಹಾಕುತ್ತಾ ಹೋಗುವ ಕೈಗೆ ಕಿವಿ ಇರುವುದಿಲ್ಲ.

ಕೇಳುವುದರಲ್ಲೂ ರೀತಿಯಿದೆ. ‘ಲಕ್ಷ್ಮಮ್ಮನವರು ತಾನೇ?’ ಎಂದರೆ, ಕಿವಿ ಮಂದವಾದ, ಭಯದಲ್ಲಿರುವ ಅಜ್ಜಿ ಯಾವ ಹೆಸರಿಗಾದರೂ ತಲೆಯಾಡಿಸುತ್ತಾಳೆ. ‘ನಿಮ್ಮ ಹೆಸರೇನು? ಯಾವ ಕಾಲಿಗೆ ಆಪರೇಷನ್? ಕೈಯಿಟ್ಟು ತೋರಿಸಿ’ ಎನ್ನಬೇಕು. ಶಸ್ತ್ರವೈದ್ಯರು ಅಲ್ಲಿ ಪೆನ್ನಿನಿಂದ ಗುರುತು ಹಾಕುವುದೂ ರೋಗಿ ಎಚ್ಚರವಿದ್ದಾಗಲೇ ಆಗಬೇಕು. ‘ಎಷ್ಟು ಸಲ ಹೆಸರು ಕೇಳುತ್ತೀರಿ?’ ಎಂದು ರೇಗುವ ಸಂಬಂಧಿಕರೇ, ಐದನೇ ಸಲ ಕೇಳಿದರೂ ಉತ್ತರಿಸಿ.

ನಮ್ಮ ಕಡೆಯ ಸುಳ್ಳುಗಳೂ ಕಡಿಮೆಯಿಲ್ಲ. ರಕ್ತ ತೆಳುವಾಗಿಸುವ ಮಾತ್ರೆ, ನಾಟಿ ಔಷಧಿ, ಬೀಡಿ, ಎಲ್ಲ ಮುಚ್ಚಿಡುತ್ತೇವೆ. ನಮ್ಮ ದೊಡ್ಡಪ್ಪನ ಹರ್ನಿಯಾ ಆಪರೇಷನ್ ಎಂಟು ಗಂಟೆಗೆ ನಿಗದಿಯಾಗಿತ್ತು. ಆರಕ್ಕೇ ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿಕೊಂಡು ಕುಡಿದಿದ್ದರು. ‘ಅರ್ಧ ಲೋಟ ತಾನೇ, ಯಾರಿಗೂ ಹೇಳಬೇಡ’ ಎಂದರು. ಪ್ರಜ್ಞೆ ತಪ್ಪಿಸಿದಾಗ ಹೊಟ್ಟೆಯಲ್ಲಿರುವುದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿಯಬಹುದು, ಹಾಲು ಬೆರೆತ ಕಾಫಿಗೆ ಆರು ಗಂಟೆಯ ಅಂತರ ಬೇಕು. ನಾನು ನೇರ ಹೋಗಿ ಅರಿವಳಿಕೆ ವೈದ್ಯರಿಗೆ ಹೇಳಿಬಿಟ್ಟೆ. ಆಪರೇಷನ್ ಮಧ್ಯಾಹ್ನಕ್ಕೆ ಹೋಯಿತು. ದೊಡ್ಡಪ್ಪ ಎರಡು ದಿನ ನನ್ನೊಂದಿಗೆ ಮಾತನಾಡಲಿಲ್ಲ.